ಅಕ್ಕಿ ಡ್ರಮ್ಮಿನಲ್ಲಿದ್ದ ಬೇವು

ನಮ್ಮ ದಾವಣಗೆರೆ ಕಡೆ ಯುಗಾದಿ ಬೇವು-ಬೆಲ್ಲಕ್ಕೆ ಮುಗಿಯುವುದಿಲ್ಲ. ಬೆಳಿಗ್ಗೆ ಎಣ್ಣೆ ಸ್ನಾನ, ಬಾಗಿಲಿಗೆ ಮಾವಿನ ಎಲೆ, ಬೇವಿನ ಸೊಪ್ಪು, ಮಧ್ಯಾಹ್ನ ಬಸಿದ ಶ್ಯಾವಿಗೆ ಊಟ. ಇದೆಲ್ಲ ಆದ ಮೇಲೆ ಸಂಜೆ ಚಂದ್ರನನ್ನು ನೋಡಬೇಕು. ನನಗಂತೂ ಅದೇ ಹಬ್ಬ. ಪಾಡ್ಯದ ದಿನ ಕಾಣದಿದ್ದರೆ ಬಿದಿಗೆ ದಿನ. ಹೊತ್ತು ಮುಳುಗುವಾಗ ಓಣಿಯವರೆಲ್ಲ ಮಾಳಿಗೆ ಹತ್ತಿ ಪಡುವಣಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ‘ಅಗೋ, ತೆಂಗಿನ ಮರದ ಎಡಕ್ಕೆ!’ ಅಂತ ಒಬ್ಬರು ಕೂಗುತ್ತಾರೆ. ‘ಅದು ಮೋಡ ಕಣೋ’ ಅಂತ ಇನ್ನೊಬ್ಬರು. ಕೊನೆಗೆ ನೂಲಿನ ಎಳೆಯಂಥ ಚಂದ್ರ ಕಂಡರೆ ಕೈ ಮುಗಿದು, ಹಿರಿಯರ ಕಾಲಿಗೆ ಬೀಳಬೇಕು. ಅವರು ಹರಸಿ ಕೈಗೆ ದುಡ್ಡು ಹಾಕುತ್ತಾರೆ. ಸಣ್ಣವರಿದ್ದಾಗ ಚಂದ್ರನಿಗಿಂತ ದುಡ್ಡಿನ ಮೇಲೇ ಕಣ್ಣು ಜಾಸ್ತಿ ಇರುತ್ತಿತ್ತು.

2024ರ ಯುಗಾದಿ ಏಪ್ರಿಲ್ 9ಕ್ಕೆ ಬಂತು, ಮಂಗಳವಾರ. ನಾನು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿದ್ದೆ. ಹತ್ತಿ ಮಿಲ್ಲುಗಳಿಂದಾಗಿ ದಾವಣಗೆರೆಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಅಂತ ಹೆಸರಿತ್ತಲ್ವಾ? ನಮ್ಮ ಅಜ್ಜ ಮಿಲ್ಲಿನ ಸೈರನ್ನಿಗೆ ಎದ್ದು, ಸೈರನ್ನಿಗೆ ಉಂಡವರು. ಅಸಲಿ ಮ್ಯಾಂಚೆಸ್ಟರ್‌ಗೆ ಬಂದು ನೋಡಿದರೆ ಇಲ್ಲೂ ಅದೇ ಕಥೆ. ಮಿಲ್ಲು ಮುಚ್ಚಿವೆ. ಆದರೆ ಇಲ್ಲಿಯವರು ಎಲ್ಲ ಕಟ್ಟಡ ಕೆಡವಿಲ್ಲ, ಆನ್‌ಕೋಟ್ಸ್‌ನಂಥ ಕಡೆ ಒಳಗೆ ಫ್ಲ್ಯಾಟ್ ಮಾಡಿಕೊಂಡು ವಾಸಕ್ಕಿದ್ದಾರೆ.

ಹೊರನಾಡಿನ ಯುಗಾದಿ ಸಾಮಾನ್ಯವಾಗಿ ಶನಿವಾರ, ಭಾನುವಾರ ನೋಡಿಕೊಂಡು ಬರುತ್ತದೆ. ಕನ್ನಡದವರು ಹಾಲ್ ಹಿಡಿದು, ಕೋಸಂಬರಿ ಮಾಡಿ, ಮಕ್ಕಳ ಡ್ಯಾನ್ಸ್ ಇಡುತ್ತಾರೆ. ಚೆನ್ನಾಗೇ ಇರುತ್ತದೆ. ಪಂಚಾಂಗದ ಯುಗಾದಿ ದಿನ ಮಾತ್ರ ಎಲ್ಲರೂ ಆಫೀಸಿನಲ್ಲಿ. ಆ ಸಲ ಪಾಡ್ಯದ ದಿನವೇ ಮಾಡಬೇಕು ಅಂತ ನನಗೊಂದು ಹಟ ಬಂತು. ಹಿಂದಿನ ಸಂಜೆ ರಶೋಮ್‌ನ ವಿಲ್ಮ್‌ಸ್ಲೋ ರಸ್ತೆಗೆ ಹೋದೆ. ಊರವರು ಅದನ್ನು ‘ಕರಿ ಮೈಲ್’ ಅನ್ನುತ್ತಾರೆ. ಸಾಲಾಗಿ ಬಿರಿಯಾನಿ, ಕಬಾಬು, ಮಿಠಾಯಿ, ದಿನಸಿ ಅಂಗಡಿ. ರಂಜಾನಿನ ಕೊನೆ ಬೇರೆ, ಕಾಲಿಡಲು ಜಾಗ ಇಲ್ಲ. ಬೆಲ್ಲ ಸಿಕ್ಕಿತು. ಪುಟಾಣಿ ಸಿಕ್ಕಿತು. ಮಾವಿನಕಾಯಿಯೂ ಸಿಕ್ಕಿತು. ಬೇವು ಮಾತ್ರ ಇಲ್ಲ. ನನ್ನ ದಾವಣಗೆರೆ ಸಂತೆಯ ಹಿಂದಿಯಲ್ಲಿ ಕೇಳಿದ್ದಕ್ಕೆ ಹುಡುಗ ಮೊದಲು ಕರಿಬೇವು ತಂದ. ಅಲ್ಲಪ್ಪಾ ಅಂದರೆ ಬೇವಿನ ಸೋಪು ತಂದ. ಅದೂ ಅಲ್ಲ ಅಂದಾಗ ಟೂತ್‌ಪೇಸ್ಟ್ ತೋರಿಸಿದ.

ಸಾಲಿನಲ್ಲಿ ನನ್ನ ಹಿಂದೆ ಒಬ್ಬರು ಅಜ್ಜಿ ನಿಂತಿದ್ದರು. ಕೈಯಲ್ಲಿ ಹಿಟ್ಟಿನ ದೊಡ್ಡ ಚೀಲ. ‘ಹೊಟ್ಟೆನೋವಾ?’ ಅಂತ ಕೇಳಿದರು. ಇಲ್ಲ, ನಾಳೆ ನಮ್ಮ ಹೊಸ ವರ್ಷ, ಬೆಲ್ಲದ ಜೊತೆ ತಿನ್ನಬೇಕು ಅಂದೆ. ಒಂದು ಕ್ಷಣ ಯೋಚಿಸಿ, ‘ನನ್ನ ಅಕ್ಕಿಯಲ್ಲಿದೆ, ಬಾ’ ಅಂದರು. ನಾನು ಚೀಲ ಹೊತ್ತುಕೊಂಡು ಹಿಂದೆ ಹೋದೆ. ಗುರುತಿಲ್ಲದವರ ಮನೆಗೆ ಹೀಗೆ ಹೋಗಬಾರದು ಅಂತ ಅಮ್ಮ ಹೇಳಿಕೊಟ್ಟಿದ್ದಳು ನಿಜ. ಆದರೆ ಇಪ್ಪತ್ತೆಂಟನೇ ರೋಜಾ ಉಪವಾಸ ಹಿಡಿದು ದಣಿದ ಮುದುಕಿಯ ಕೈಗೆ ಆ ಚೀಲ ವಾಪಸ್ ಕೊಡುವುದು ಹೇಗೆ?

ಮನೆ ಹಿಂದಿನ ಬೀದಿಯಲ್ಲೇ. ಅಡುಗೆ ಮನೆಯಲ್ಲಿ ನೀಲಿ ಪ್ಲಾಸ್ಟಿಕ್ ಡ್ರಮ್ ಇತ್ತು. ಅಜ್ಜಿ ತೋಳು ಮೇಲೆ ಮಾಡಿ ಮೊಣಕೈ ತನಕ ಅಕ್ಕಿಗೆ ಕೈ ಇಳಿಸಿ ತಡಕಾಡಿದರು. ಹಳೆ ದುಪಟ್ಟಾದ ತುಂಡಿನಲ್ಲಿ ಕಟ್ಟಿದ ಗಂಟು ಬಂತು. ಬಿಚ್ಚಿದರೆ ಒಣಗಿ ಬೂದಿ ಹಸಿರಾದ ಬೇವಿನ ಎಲೆ, ಕಡ್ಡಿ ಸಮೇತ. ಮುಟ್ಟಿದರೆ ಪುಡಿ. ವಾಸನೆ ಮಾತ್ರ ಹಾಗೇ ಇತ್ತು. ಹುಳ ಆಗಬಾರದು ಅಂತ ಅಮ್ಮನೂ ಜೋಳದ ಡ್ರಮ್ಮಿಗೆ ಇದನ್ನೇ ಹಾಕುತ್ತಾಳೆ. ಅಜ್ಜಿ ಎಲೆಗೆ ಅಂಟಿದ ಅಕ್ಕಿ ಕಾಳು ಒಂದೊಂದಾಗಿ ಬಿಡಿಸಿ, ಧೂಳು ಊದಿ, ಅರ್ಧ ನನಗೆ ಕೊಟ್ಟರು. ಉಳಿದರ್ಧ ಮತ್ತೆ ಗಂಟು ಕಟ್ಟಿ ಅಕ್ಕಿಯೊಳಗೆ ಹೂತರು. ನನಗೆ ಇದು ಬಹಳ ಹಿಡಿಸಿತು. ಪೂರ್ತಿ ಕೊಟ್ಟಿದ್ದರೆ ಸಂಕೋಚ ಆಗುತ್ತಿತ್ತು.

ದಾರಿಯಲ್ಲಿ ಮಾತಾಡಿದ್ದು ಸ್ವಲ್ಪವೇ. ಊರು ಪಾಕಿಸ್ತಾನದ ಹಿಡಿತದಲ್ಲಿರುವ ಕಾಶ್ಮೀರದ ಮೀರ್‌ಪುರದ ಕಡೆ. ತೀರಿಹೋದ ಗಂಡ ಓಲ್ಡ್‌ಹ್ಯಾಮ್‌ನ ಹತ್ತಿ ಮಿಲ್ಲಿನಲ್ಲಿ ರಾತ್ರಿ ಪಾಳಿ ಮಾಡಿದವರು. ನಮ್ಮಜ್ಜನದೂ ಅದೇ ಕೆಲಸ ಅಂದಾಗ, ‘ಹಾಗಾದ್ರೆ ಅವರಿಗೂ ಕೆಮ್ಮು ಇತ್ತಾ?’ ಅಂತ ಕೇಳಿದರು. ಇತ್ತು.

ಹೊರಡುವಾಗ, ನಾಳೆ ಸಂಜೆ ಪ್ಲಾಟ್ ಫೀಲ್ಡ್ಸ್ ಪಾರ್ಕಿಗೆ ಚಂದ್ರನನ್ನು ನೋಡಲು ಹೋಗುತ್ತೇನೆ ಅಂದರು. ಕೆಲವರು ಸೌದಿ ಲೆಕ್ಕ ಹಿಡಿಯುತ್ತಾರೆ, ಅವರ ಮಸೀದಿಯವರು ಚಂದ್ರ ಕಂಡರೇ ಈದ್ ಅನ್ನುವವರು. ನಾಳೆ ಇಪ್ಪತ್ತೊಂಬತ್ತು. ಕಾಣದಿದ್ದರೆ ಇನ್ನೊಂದು ರೋಜಾ. ನಾನೂ ನಾಳೆ ಅದೇ ಚಂದ್ರನನ್ನು ನೋಡಬೇಕು ಅಂದೆ. ನಂಬಲಿಲ್ಲ. ಬಾ ನೋಡೋಣ ಅಂದರು.

ಇದು ಪ್ರತಿವರ್ಷ ಕೂಡಿ ಬರುವ ಲೆಕ್ಕ ಅಲ್ಲ. ನಮ್ಮದು ಚಾಂದ್ರಮಾನವೇ ಆದರೂ ನಡುನಡುವೆ ಅಧಿಕ ಮಾಸ ಸೇರಿಸಿ ಯುಗಾದಿಯನ್ನು ಮಾರ್ಚ್-ಏಪ್ರಿಲ್ ಬಿಟ್ಟು ಓಡದಂತೆ ಹಿಡಿದಿಡುತ್ತೇವೆ. ಅವರಲ್ಲಿ ಅಧಿಕ ಮಾಸ ಇಲ್ಲ. ಹಾಗಾಗಿ ರಂಜಾನ್ ವರ್ಷಕ್ಕೆ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಎರಡೂ ಹೀಗೆ ಎದುರಾಗುವುದು ಸುಮಾರು 33 ವರ್ಷಕ್ಕೊಮ್ಮೆ, ಅದೂ ಕೆಲವೇ ವರ್ಷ. 2023ರಲ್ಲಿ ಯುಗಾದಿ ಚಂದ್ರ ರಂಜಾನನ್ನು ಶುರು ಮಾಡಿಸಿದ. ಆ ವರ್ಷ ಅಧಿಕ ಶ್ರಾವಣ ನಡುವೆ ಬಂದಿದ್ದರಿಂದ 2024ರಲ್ಲಿ ಅದೇ ಯುಗಾದಿ ಚಂದ್ರ ರಂಜಾನನ್ನು ಮುಗಿಸಿದ.

ಮರುದಿನ ಕೆಲಸ ಮುಗಿಸಿ ಬಂದು ಬೇವು-ಬೆಲ್ಲ ಕಲಸಿ ಡಬ್ಬಿಗೆ ಹಾಕಿಕೊಂಡು ಪಾರ್ಕಿಗೆ ಹೋದೆ. ಅಲ್ಲಿ ಆಗ ಸೂರ್ಯ ಮುಳುಗುವುದು ಎಂಟು ಗಂಟೆ ಸುಮಾರಿಗೆ. ಮ್ಯಾಂಚೆಸ್ಟರ್ ಆಕಾಶದ ಮೇಲೆ ಯಾರೂ ಭರವಸೆ ಇಡುವುದಿಲ್ಲ. ಮೋಡ ಇತ್ತು. ಕೆರೆಯ ಹತ್ತಿರ ಹತ್ತಾರು ಜನ ಫೋನ್ ಎತ್ತಿ ಹಿಡಿದು ದಿಕ್ಕು ಹುಡುಕುತ್ತಿದ್ದರು. ಅಜ್ಜಿ ಮೊಮ್ಮಗನ ಜೊತೆ ಬೆಂಚಿನ ಮೇಲಿದ್ದರು. ಖರ್ಜೂರ ತಿಂದು ರೋಜಾ ಬಿಟ್ಟು, ನನಗೂ ಒಂದು ಕೊಟ್ಟರು. ಆಮೇಲೆ ಪಡುವಣದ ಮೋಡ ಒಂದು ಕಡೆ ಹರಿಯಿತು.

ನನಗೆ ಮೊದಲು ಕಂಡಿತು. ಅಜ್ಜಿಗೆ ಕಾಣಲಿಲ್ಲ. ಒಂದು ಕಣ್ಣಿಗೆ ಪೊರೆ ತೆಗೆಸಿದ್ದರಂತೆ, ಇನ್ನೊಂದು ಬಾಕಿ. ಮೊಣಕೈ ಹಿಡಿದು ಎರಡು ಹೆಜ್ಜೆ ಬಲಕ್ಕೆ ಸರಿಸಿ, ದೀಪದ ಕಂಬದ ತುದಿ ತೋರಿಸಿ, ಅಲ್ಲಿಂದ ಒಂದು ಗೇಣು ಮೇಲೆ ಅಂದೆ. ‘ಹಾಂ ಹಾಂ’ ಅಂದರು. ಅದು ನನ್ನ ಸಮಾಧಾನಕ್ಕೆ ಅಂದದ್ದು. ಸ್ವಲ್ಪ ಹೊತ್ತಿನ ಮೇಲೆ ನಿಜವಾಗಿ ಕಂಡಾಗ ಮಾತೇ ಆಡಲಿಲ್ಲ, ಅಂಗೈ ಎತ್ತಿದರು. ನಾನು ಕೈ ಮುಗಿದೆ.

ಚಂದ್ರ ಕಂಡ ಮೇಲೆ ಹಿರಿಯರ ಕಾಲಿಗೆ ಬೀಳಬೇಕಲ್ಲ? ಆ ಊರಿನಲ್ಲಿ ನನಗೆ ಹಿರಿಯರು ಅಂತ ಇದ್ದದ್ದು ಯಾರು? ಬಗ್ಗಿದೆ. ಅವರು ಅರ್ಧಕ್ಕೇ ಭುಜ ಹಿಡಿದು ನಿಲ್ಲಿಸಿ, ಬೇಡ ಅಂತ ತಲೆ ಆಡಿಸಿ, ನೆತ್ತಿಯ ಮೇಲೆ ಕೈ ಇಟ್ಟರು. ಆಮೇಲೆ ಪರ್ಸ್ ತೆಗೆದು ಐದು ಪೌಂಡಿನ ನೋಟು ನನ್ನ ಮುಷ್ಟಿಗೆ ತುರುಕಿದರು. ಈದಿ ಅಂತೆ. ಬೇಡ ಅನ್ನಲಿಲ್ಲ. ನಮ್ಮಲ್ಲೂ ಬೇಡ ಅನ್ನುವ ಪದ್ಧತಿ ಇಲ್ಲ. ಬೇವು-ಬೆಲ್ಲ ಕೊಟ್ಟೆ. ಬಾಯಿಗೆ ಹಾಕಿಕೊಂಡವರು ಮುಖ ಹುಳ್ಳಗೆ ಮಾಡಿ, ‘ಇದಕ್ಕಾ ನನ್ನ ಅಕ್ಕಿ ಬೇವು ಬೇಕಾಗಿದ್ದು?’ ಅಂದರು. ಮೊಮ್ಮಗ ಬೆಲ್ಲ ಮಾತ್ರ ಹೆಕ್ಕಿ ತಿಂದ.

ಅಮ್ಮನಿಗೆ ಫೋನ್ ಮಾಡಿದರೆ ನಂಬಲೇ ಇಲ್ಲ. ‘ಇಲ್ಲಿ ನಿನ್ನೆ ಮಾಳಿಗೆ ಮೇಲೆ ಕತ್ತು ನೋವು ಬರೋ ತನಕ ನಿಂತಿದ್ವಿ, ಯಾರಿಗೂ ಕಾಣಲಿಲ್ಲ. ನಿನಗೆ ಹೆಂಗೆ ಕಾಣ್ತು?’ ಅಮಾವಾಸ್ಯೆ ಮುಗಿದದ್ದು 8ರ ರಾತ್ರಿ ಹನ್ನೆರಡಕ್ಕೆ ಸ್ವಲ್ಪ ಮುಂಚೆ. ಮರುದಿನ ದಾವಣಗೆರೆಯಲ್ಲಿ ಹೊತ್ತು ಮುಳುಗುವಾಗ ಚಂದ್ರನಿಗೆ ಇನ್ನೂ ಹತ್ತೊಂಬತ್ತು ಗಂಟೆ ವಯಸ್ಸು, ಬರಿಗಣ್ಣಿಗೆ ಕಷ್ಟ. ಇಂಗ್ಲೆಂಡಿನಲ್ಲಿ ಸಂಜೆ ಆಗುವ ಹೊತ್ತಿಗೆ ಒಂದು ಪೂರ್ತಿ ದಿನ ಆಗಿರುತ್ತದೆ. ಅದಕ್ಕೇ ಅಲ್ಲಿ 10ಕ್ಕೆ ಈದ್, ನಮ್ಮ ದೇಶದ ಹೆಚ್ಚಿನ ಕಡೆ 11ಕ್ಕೆ. ಇಷ್ಟೆಲ್ಲ ವಿವರಿಸಿದೆ. ಅಮ್ಮ ಕೇಳಿಸಿಕೊಂಡು, ‘ಆಯಮ್ಮನಿಗೆ ಶ್ಯಾವಿಗೆ ಕೊಟ್ಯಾ?’ ಅಂದಳು.

ಕೊಟ್ಟಿರಲಿಲ್ಲ, ಅವರೇ ಕಳಿಸಿದ್ದರು. ಈದ್ ದಿನ ಮೊಮ್ಮಗನ ಕೈಲಿ, ಹಾಲು, ಖರ್ಜೂರ, ಬಾದಾಮಿ ಹಾಕಿದ ಶ್ಯಾವಿಗೆ ಒಂದು ಪಾತ್ರೆ. ಅಮ್ಮನಿಗೆ ಇದು ಸಾಲದ ಹಾಗೆ ಕಂಡಿತು. ಆ ಬೇಸಿಗೆಯಲ್ಲಿ ನಾನು ದಾವಣಗೆರೆಗೆ ಬಂದಾಗ ಮಾಳಿಗೆ ತುಂಬ ಶ್ಯಾವಿಗೆ ಒಣಹಾಕಿದ್ದಳು. ಓಣಿಯ ಹೆಂಗಸರಿಗೆಲ್ಲ ಮ್ಯಾಂಚೆಸ್ಟರ್ ಅಜ್ಜಿಯ ಕಥೆ ಬಾಯಿಪಾಠ. ಮಂಡಕ್ಕಿ ಭಟ್ಟಿ ಕಡೆಯಿಂದ ಮಂಡಕ್ಕಿ ಮಾರಲು ಬರುವ ಹೆಂಗಸು ಕೂತು ಕೇಳಿ, ‘ಅಲ್ಲಿನ ಶ್ಯಾವಿಗೆ ಮಷಿನ್‌ದು ಇರ್ತದೆ, ಕೈದು ತಗೊಂಡೋಗ್ರಿ’ ಅಂತ ಒಂದು ಡಬ್ಬಿ ತುಂಬ ನರ್ಗಿಸ್ ಮಂಡಕ್ಕಿಯನ್ನೂ ಸೇರಿಸಿದಳು. ಅಮ್ಮ ಬೇವನ್ನೂ ಕಟ್ಟಲು ಬಂದಳು. ಹಸಿ ಸೊಪ್ಪು ಬಿಡಲ್ಲ ಅಂತ ನಾನೇ ತೆಗೆಸಿದೆ.

ಮಂಡಕ್ಕಿ ಮೊಮ್ಮಗನ ಪಾಲಾಯಿತು. ಶ್ಯಾವಿಗೆಯನ್ನು ಅಜ್ಜಿ ತಮ್ಮ ರೂಢಿಯಂತೆ ಹಾಲಿನಲ್ಲಿ ಅರ್ಧ ಗಂಟೆ ಕುದಿಸಿದ್ದಾರೆ. ಅಂಬಲಿ ಆಗಿದೆ. ಅಮ್ಮನಿಗೆ ಹೇಳಿದೆ. ‘ಬಿಸಿನೀರಿಗೆ ಹಾಕಿ ಬಸೀಬೇಕು ಅಂತ ಬಾಯಿಬಿಟ್ಟು ಹೇಳೋಕೆ ನಿನಗೇನಾಗಿತ್ತು?’ ಅಂತ ನನಗೇ ಬೈದಳು.