‘ಇಟಲಿಗೆ ಒಟ್ಟು ಎಷ್ಟಾಯಿತು?’ ಎಂದು ಕೇಳುವವರಿಗೆ

ನಾವು ಇಟಲಿಗೆ ಹೋಗಿಬಂದ ಸುದ್ದಿ ತಿಳಿದೊಡನೆ ನೆಂಟರಿಷ್ಟರಿಂದ ಹಿಡಿದು ನಮ್ಮ ಬೀದಿಯ ಔಷಧಿ ಅಂಗಡಿಯವರ ತನಕ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: “ಟೂರಿನವರ ಜೊತೆ ಹೋಗದೆ ನೀವಿಬ್ಬರೇ ಸುತ್ತಿದಿರಂತಲ್ಲ, ಒಟ್ಟು ಎಷ್ಟಾಯಿತು?” ವಿಮಾನ ಮತ್ತು ವೀಸಾದ ಖರ್ಚನ್ನು ಬಿಟ್ಟು, ಹದಿನಾರು ದಿನಗಳಿಗೆ, ಇಬ್ಬರಿಗೂ ಸೇರಿ ದಿನಕ್ಕೆ ಸರಾಸರಿ 110 ಯೂರೋ ಎಂದರೆ ಕೇಳಿದವರಿಗೆ ಸಮಾಧಾನವಾಗುತ್ತದೆ. ಆದರೆ ಈ ಉತ್ತರದಲ್ಲಿ ಅರ್ಧ ಸತ್ಯ ಮಾತ್ರ ಇದೆ. ನಮ್ಮವರು ಪ್ರತಿ ರಾತ್ರಿ ಲೆಕ್ಕ ಬರೆಯುತ್ತಿದ್ದ ಪುಟ್ಟ ಪುಸ್ತಕದಲ್ಲಿ ಎರಡು ಕಾಲಂಗಳಿದ್ದವು. ಒಂದರ ಮೇಲೆ ‘ಖರ್ಚು’ ಎಂದೂ ಇನ್ನೊಂದರ ಮೇಲೆ ‘ದಡ್ಡತನ’ ಎಂದೂ ಬರೆದಿತ್ತು. ಹೋಗುವವರಿಗೆ ಉಪಯೋಗಕ್ಕೆ ಬರುವುದು ಎರಡನೆಯದು.

ಮೊದಲನೆಯ ಕಾಲಮ್ಮಿನ ಗುಟ್ಟು ಬಹಳ ಸರಳ. ಅತಿವೇಗದ ರೈಲುಗಳ ದರ ಸಾಮಾನ್ಯವಾಗಿ ಪ್ರಯಾಣದ ದಿನ ಹತ್ತಿರವಾದಂತೆ ಏರುತ್ತದೆ. ಊರೂರಿಗೂ ನಿಲ್ಲುವ ಪ್ರಾದೇಶಿಕ ರೈಲುಗಳ ದರವಾದರೋ ತಿಂಗಳ ಮೊದಲು ಕೊಂಡರೂ ಐದು ನಿಮಿಷ ಮೊದಲು ಕೊಂಡರೂ ಒಂದೇ. ಹಾಗಾಗಿ ನಾವು ವೇಗದ ಆಸೆಯನ್ನು ಬಿಟ್ಟು, ಓರ್ವಿಯೆತೊ, ಲುಕ್ಕಾ, ಸಿಯೆನಾ, ಬೊಲೋನ್ಯಾಗಳಂಥ ಊರುಗಳಲ್ಲಿ ಮೂರು ನಾಲ್ಕು ರಾತ್ರಿ ತಂಗುತ್ತಾ, ನಿಧಾನದ ರೈಲುಗಳಲ್ಲಿಯೇ ಓಡಾಡಿದೆವು.

ದಡ್ಡತನದ ಕಾಲಮ್ಮಿನ ಅತಿ ದೊಡ್ಡ ಮೊತ್ತ ಬಿದ್ದದ್ದೂ ಆ ನಿಧಾನದ ರೈಲಿನಲ್ಲಿಯೇ. ಫ್ಲಾರೆನ್ಸಿನಿಂದ ಲುಕ್ಕಾಕ್ಕೆ ಹೋಗುವಾಗ ಯಂತ್ರದಿಂದ ಕಾಗದದ ಟಿಕೆಟ್ ಪಡೆದು, ಕಿಟಕಿಯ ಪಕ್ಕದ ಜಾಗ ಹಿಡಿದು ನಿಶ್ಚಿಂತೆಯಿಂದ ಕುಳಿತಿದ್ದೆವು. ಪಿಸ್ತೋಯಾ ಹತ್ತಿರವಾಗುವಾಗ ಬಂದ ಟಿಕೆಟ್ ಪರೀಕ್ಷಕರು ಟಿಕೆಟನ್ನು ಎರಡೂ ಬದಿ ತಿರುಗಿಸಿ ನೋಡಿ ತಲೆಯಾಡಿಸಿದರು. ಅಲ್ಲಿ ಕಾಗದದ ಟಿಕೆಟ್ ಕೊಂಡರೆ ಸಾಲದು. ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಬಳಿಯ ಪುಟ್ಟ ಪೆಟ್ಟಿಗೆಯ ಬಾಯಿಗೆ ಅದನ್ನು ತುರುಕಿ ದಿನಾಂಕ ಮತ್ತು ಸಮಯದ ಮುದ್ರೆ ಒತ್ತಿಸಿಕೊಳ್ಳಬೇಕು. ಇಲ್ಲವಾದರೆ ಅದೇ ಟಿಕೆಟಿನಲ್ಲಿ ಮತ್ತೊಮ್ಮೆಯೂ ಪ್ರಯಾಣ ಮಾಡಬಹುದಲ್ಲ! ನಾವು ಹೊರದೇಶದವರು, ತಿಳಿಯಲಿಲ್ಲ ಎಂದು ಮನವರಿಕೆ ಮಾಡಿಕೊಡಲು ನಮ್ಮವರು ಪಾಸ್‌ಪೋರ್ಟ್ ತೆಗೆದು ತೋರಿಸಿದರು. ಆತ ಅದನ್ನು ಬಹಳ ಮರ್ಯಾದೆಯಿಂದ ತೆಗೆದುಕೊಂಡು, ಅದರ ಸಂಖ್ಯೆಯನ್ನೇ ದಂಡದ ರಸೀದಿಯಲ್ಲಿ ಬರೆದುಕೊಂಡರು. ಟಿಕೆಟಿನ ಬೆಲೆಯ ಐದಾರು ಪಟ್ಟು ಹೋಯಿತು. ತಪ್ಪು ನಮ್ಮದೇ ಆಗಿದ್ದರಿಂದ ಬೈಯಲೂ ಯಾರೂ ಸಿಗಲಿಲ್ಲ. ಲುಕ್ಕಾ ತಲುಪಿದ ಮೇಲೆ, ಊರನ್ನು ಸುತ್ತುವರಿದ ನಾಲ್ಕು ಕಿಲೋಮೀಟರಿಗೂ ಮಿಗಿಲಾದ ಕೋಟೆಗೋಡೆಯ ಮೇಲಿನ ಮರಗಳ ನೆರಳಿನಲ್ಲಿ ಒಂದು ಸುತ್ತು ಮುಗಿಸುವ ತನಕ ನಾವಿಬ್ಬರೂ ಮಾತನಾಡಲಿಲ್ಲ.

ಓರ್ವಿಯೆತೊದಲ್ಲಿ ಕಳೆದುಕೊಂಡದ್ದು ಹಣವಲ್ಲ. ಬಂಡೆಯ ನೆತ್ತಿಯ ಮೇಲೆ ಕುಳಿತ ಆ ಊರಿಗೆ ರೈಲು ನಿಲ್ದಾಣ ಇರುವುದು ಕೆಳಗಿನ ಬಯಲಿನಲ್ಲಿ. ಮೇಲಕ್ಕೆ ಕರೆದೊಯ್ಯಲು ಹಳಿಯ ಮೇಲೆ ಏರುವ ಫ್ಯುನಿಕ್ಯುಲರ್ ಗಾಡಿಯಿದೆ. 1888ರಲ್ಲಿ ನೀರಿನ ಭಾರದಿಂದ ಓಡಲಾರಂಭಿಸಿದ ಅದು ಈಗ ವಿದ್ಯುತ್ತಿನಿಂದ ಓಡುತ್ತದೆ. ರೋಮಿನಲ್ಲಿ ಇಡೀ ದಿನ ಕಳೆದು ಒಂದು ರಾತ್ರಿಯ ಬಾಡಿಗೆಯನ್ನು ಉಳಿಸುವ ಜಾಣತನದಿಂದ ನಾವು ರಾತ್ರಿಯ ರೈಲಿನಲ್ಲಿ ಬಂದಿಳಿದಾಗ ಆ ಗಾಡಿಯ ಬಾಗಿಲು ಮುಚ್ಚಿತ್ತು, ಬಸ್ಸಿನ ಸುಳಿವಿರಲಿಲ್ಲ, ಟ್ಯಾಕ್ಸಿಗೆ ಕೊಡಲು ಮನಸ್ಸಿರಲಿಲ್ಲ. ಸೂಟ್‌ಕೇಸುಗಳನ್ನು ಎಳೆಯುತ್ತಾ ಕತ್ತಲಲ್ಲಿ ಏರುದಾರಿ ಹಿಡಿದೆವು. ಮೇಲೆ ತಲುಪುವಾಗ ನನ್ನ ಸೂಟ್‌ಕೇಸು ಮೂರೇ ಗಾಲಿಗಳ ಮೇಲೆ ಕುಂಟುತ್ತಿತ್ತು. ಆ ರಾತ್ರಿಯ ಲೆಕ್ಕ ಹೀಗಿದೆ: “ದಡ್ಡತನ, 0 ಯೂರೋ, ಒಂದು ಗಾಲಿ.”

ಮರುದಿನ ಬೆಳಿಗ್ಗೆ ಅದೇ ಗಾಡಿಯ ಮೇಲಿನ ನಿಲ್ದಾಣದ ಪಕ್ಕದಲ್ಲಿಯೇ ಇರುವ ಸಂತ ಪತ್ರೀಸಿಯೋನ ಬಾವಿಯನ್ನು ನೋಡಲು ಹೋದೆವು. 1527ರಲ್ಲಿ ರೋಮ್ ಲೂಟಿಯಾದಾಗ ಪಾರಾಗಿ ಇಲ್ಲಿಗೆ ಬಂದ ಪೋಪ್ ಏಳನೆಯ ಕ್ಲೆಮೆಂಟ್, ಮುತ್ತಿಗೆಯಾದರೆ ನೀರಿಗೆ ತತ್ವಾರವಾಗಬಾರದೆಂದು ತೋಡಿಸಿದ ಬಾವಿ ಇದು. ಒಳಗೋಡೆಯ ಸುತ್ತ ಸುರುಳಿಯಾಗಿ 248 ಮೆಟ್ಟಿಲುಗಳ ಎರಡು ದಾರಿಗಳಿವೆ. ನೀರು ಹೊರುವ ಹೇಸರಗತ್ತೆಗಳು ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತುತ್ತಿದ್ದುದರಿಂದ ಎಲ್ಲಿಯೂ ಎದುರುಬದುರಾಗುತ್ತಿರಲಿಲ್ಲ. “ಹೇಸರಗತ್ತೆಗಳಿಗೆ ಮಾಡಿಕೊಟ್ಟ ಅನುಕೂಲವನ್ನು ನಾವು ನಿನ್ನೆ ವಿಚಾರಿಸಿಕೊಳ್ಳಬಹುದಾಗಿತ್ತು,” ಎಂದರು ನಮ್ಮವರು, ಮೊಣಕಾಲು ಉಜ್ಜಿಕೊಳ್ಳುತ್ತಾ.

ಕಾಫಿಯ ವಿಷಯವನ್ನು ದರ್ಶಿನಿಗಳಲ್ಲಿ ನಿಂತು ಕುಡಿದು ಬೆಳೆದ ನಾವು ಬೇಗ ಗ್ರಹಿಸಬೇಕಾಗಿತ್ತು. ಇಟಲಿಯ ಬಾರ್ ಎಂದರೆ ಹೆಚ್ಚಾಗಿ ಕಾಫಿಯ ಅಂಗಡಿ. ಕೌಂಟರಿನ ಮುಂದೆ ನಿಂತು ಕುಡಿದರೆ ಒಂದು ದರ, ಮೇಜಿಗೆ ಕುಳಿತರೆ ಬೇರೆ ದರ. ಸಿಯೆನಾದ ಚಿಪ್ಪಿನಾಕಾರದ ದೊಡ್ಡ ಚೌಕದ ಅಂಚಿನಲ್ಲಿ ಕಾಲು ನೋಯುತ್ತಿದೆಯೆಂದು ಕುಳಿತ ಹತ್ತು ನಿಮಿಷಕ್ಕೆ ನಾವು ತೆತ್ತ ಹಣದಲ್ಲಿ, ಹಿಂದಿನ ಓಣಿಯಲ್ಲಿ ಮೂರು ದಿನ ಬೆಳಗಿನ ಕಾಫಿ ಆಗುತ್ತಿತ್ತು. ಊಟದ ಬಿಲ್ಲಿನಲ್ಲಿ ತಲೆಗಿಷ್ಟೆಂದು ಸೇರುವ ‘ಕೊಪೆರ್ತೊ’ ಎಂಬ ಮೇಜಿನ ಶುಲ್ಕವೂ, ರಾತ್ರಿಗಿಷ್ಟೆಂದು ವಸತಿಯವರು ಪ್ರತ್ಯೇಕವಾಗಿ ಪಡೆಯುವ ಪ್ರವಾಸಿ ತೆರಿಗೆಯೂ ಇದೇ ಜಾತಿಯವು. ಮೊದಲೇ ಲೆಕ್ಕದಲ್ಲಿ ಸೇರಿಸಿಕೊಂಡರೆ ನೋಯುವುದಿಲ್ಲ.

ಅಡುಗೆಮನೆ ಇರುವ ಕೋಣೆ ಹಿಡಿದರೆ ಉಳಿತಾಯ ನಿಜ. ಆದರೆ ತರಕಾರಿ ಕೊಳ್ಳುವುದಕ್ಕೂ ಅಲ್ಲೊಂದು ಕ್ರಮವಿದೆ. ಬೊಲೋನ್ಯಾದ ಸೂಪರ್‌ಮಾರ್ಕೆಟ್ಟಿನಲ್ಲಿ ನಾನು ಟೊಮೇಟೊವನ್ನು ನಮ್ಮ ಸಂತೆಯಲ್ಲಿ ಮಾಡುವಂತೆ ಬೆರಳಿನಿಂದ ಒತ್ತಿ ನೋಡುತ್ತಿದ್ದಾಗ, ಅಜ್ಜಿಯೊಬ್ಬರು ನನ್ನ ಮಣಿಕಟ್ಟು ಹಿಡಿದು, ಪಕ್ಕದಲ್ಲಿ ತೂಗುಹಾಕಿದ್ದ ತೆಳು ಪ್ಲಾಸ್ಟಿಕ್ ಕೈಗವಸೊಂದನ್ನು ಕಿತ್ತು ಕೈಗಿತ್ತರು. ಬರಿಗೈಯಲ್ಲಿ ಮುಟ್ಟುವುದು ಅಲ್ಲಿ ಅಸಹ್ಯ. ಕೈಗವಸು ತೊಟ್ಟು ಆರಿಸಿ ಗಲ್ಲಾದ ಬಳಿ ಹೋದರೆ ಅಲ್ಲಿಂದಲೂ ವಾಪಸು ಕಳಿಸಿದರು. ತಕ್ಕಡಿಯಲ್ಲಿ ನಾವೇ ಇಟ್ಟು, ಆ ತರಕಾರಿಯ ಸಂಖ್ಯೆ ಒತ್ತಿ, ಬರುವ ಬೆಲೆಯ ಚೀಟಿಯನ್ನು ಚೀಲಕ್ಕೆ ಅಂಟಿಸಿಕೊಂಡು ಬರಬೇಕಾಗಿತ್ತು. ನನ್ನ ಹಿಂದಿನ ಸಾಲಿನಲ್ಲಿದ್ದವರ ಮುಖವನ್ನು ನಾನು ನೋಡಲಿಲ್ಲ.

ರೈಲು ಮುಷ್ಕರವಂತೂ ಅನೇಕರಿಗೆ ಎದುರಾಗುತ್ತದೆ. ಅಲ್ಲಿ ಅದನ್ನು ಮೊದಲೇ ಪ್ರಕಟಿಸುತ್ತಾರೆ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9 ಮತ್ತು ಸಂಜೆ 6ರಿಂದ 9ರ ನಡುವೆ ಪ್ರಾದೇಶಿಕ ರೈಲುಗಳ ಅಗತ್ಯ ಸೇವೆ ಇದ್ದೇ ಇರುತ್ತದೆ. ಇಷ್ಟು ತಿಳಿಯದ ನಾವು ಬೊಲೋನ್ಯಾದಿಂದ ಹತ್ತಿರದ ಫೆರಾರಾ ಊರಿಗೆ ಹೊರಟು ಒಂಬತ್ತೂವರೆಗೆ ನಿಲ್ದಾಣ ಸೇರಿದೆವು. ಮಾಡಲು ಬೇರೆ ಕೆಲಸವಿಲ್ಲದೆ ಬೆಟ್ಟದ ಮೇಲಿನ ಸಾನ್ ಲೂಕಾ ಗುಡಿಯ ಕಡೆಗೆ ಕಾಲು ಹಾಕಿದೆವು. ಊರಿನ ಸಾರಗೋತ್ಸಾ ಬಾಗಿಲಿನಿಂದ ಗುಡಿಯ ತನಕ ನಾಲ್ಕು ಕಿಲೋಮೀಟರಿನಷ್ಟು ದೂರ, 666 ಕಮಾನುಗಳ ಸೂರಿನಡಿಯ ದಾರಿ. ಬೊಲೋನ್ಯಾದ ಇಂಥ ಕಮಾನುಸಾಲುಗಳು 2021ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ. ಮಳೆ ಹೊಯ್ಯುತ್ತಿದ್ದರೂ ನಾವು ನೆನೆಯಲಿಲ್ಲ, ಒಂದು ಕಾಸೂ ಖರ್ಚಾಗಲಿಲ್ಲ. ಆ ದಿನದ ಪುಟದಲ್ಲಿ ಎರಡೂ ಕಾಲಂಗಳು ಖಾಲಿಯಿವೆ.

ಸಸ್ಯಾಹಾರಿಗಳಾದ ನಮ್ಮ ಅತಿ ದೊಡ್ಡ ದಡ್ಡತನ ಬಯಲಾದದ್ದು ಕೊನೆಯ ಸಂಜೆ, ರೋಮಿನಲ್ಲಿ. ಅಷ್ಟೂ ದಿನ ಪಿಜ್ಜಾ ಎಂದರೆ ನಮಗೆ ಮಾರ್ಗರಿಟಾ ಮಾತ್ರವಾಗಿತ್ತು. ‘ಮರಿನಾರಾ’ ಎಂಬಲ್ಲಿ ಸಮುದ್ರದ ವಾಸನೆ ಬಂದು ಮೀನಿರಬೇಕೆಂದು ಬಿಟ್ಟಿದ್ದೆವು. ನಿಜದಲ್ಲಿ ಅದರ ಮೇಲಿರುವುದು ಟೊಮೇಟೊ, ಬೆಳ್ಳುಳ್ಳಿ, ಓರೆಗಾನೊ ಮತ್ತು ಎಣ್ಣೆ, ಬೆಲೆಯೂ ಸಾಮಾನ್ಯವಾಗಿ ಎಲ್ಲಕ್ಕಿಂತ ಕಡಿಮೆ. ‘ಪೆಪೆರೋನಿ’ ಎಂಬುದನ್ನಂತೂ, ಇಲ್ಲಿನ ಪಿಜ್ಜಾ ಅಂಗಡಿಗಳ ಮಾಂಸದ ಬಿಲ್ಲೆಗಳನ್ನು ನೆನೆದು, ಓದಿದೊಡನೆ ದಾಟಿಬಿಡುತ್ತಿದ್ದೆವು. (ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ರಸ ಹಾಕಿ ಮಾಡುವ ಪಾರ್ಮಿಜಾನೊ ಚೀಸನ್ನು ಮಾತ್ರ ಏನೂ ತಿಳಿಯದೆ ಪಾಸ್ತಾದ ಮೇಲೆ ಧಾರಾಳವಾಗಿ ಉದುರಿಸಿಕೊಂಡಿದ್ದೆವು.) ಆ ಸಂಜೆ ಧೈರ್ಯ ಮಾಡಿ ನಮ್ಮವರು ಪೆಪೆರೋನಿಯ ಮೇಲೆ ಬೆರಳಿಟ್ಟು “ಕಾರ್ನೆ?” ಎಂದು ಕೇಳಿದರು, ಮಾಂಸವೇ ಎಂದು ಅರ್ಥ. ಅಂಗಡಿಯಾಕೆ ಉತ್ತರ ಕೊಡದೆ ಒಳಗೆ ಹೋಗಿ, ಹೊಳೆಯುವ ಒಂದು ಕೆಂಪು ದೊಣ್ಣೆಮೆಣಸಿನಕಾಯಿಯನ್ನು ತಂದು ನಮ್ಮ ಮೇಜಿನ ನಡುವೆ ಇಟ್ಟರು.

ಪುಸ್ತಕದ ಕೊನೆಯ ಪುಟದಲ್ಲಿ, ಎರಡನೆಯ ಕಾಲಮ್ಮಿನಲ್ಲಿ, ನಮ್ಮವರ ಅಕ್ಷರದಲ್ಲಿ ಹೀಗಿದೆ: “ದೊಣ್ಣೆಮೆಣಸಿನಕಾಯಿ, 14 ದಿನ.”