ಬಿಡಿಸೋದು ಒಂದು, ತೋರಿಸೋದು ಇನ್ನೊಂದು

ಮನಸ್ಸು ಸರಿ ಇಲ್ವಾ, ಏನಾದರೂ ಚಿತ್ರ ಬಿಡಿಸು, ಹಗುರಾಗುತ್ತೆ. ಹೀಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನೂ ಹೇಳುತ್ತೇನೆ. ಆದರೆ ಈಚೆಗೆ ಈ ಮಾತಿಗೊಂದು ಬಾಲ ಸೇರಿಕೊಂಡಿದೆ: ಬಿಡಿಸು, ಆಮೇಲೆ ಎಲ್ಲರ ಜೊತೆ ಹಂಚಿಕೋ. ಎರಡನ್ನೂ ಒಂದೇ ಉಸಿರಲ್ಲಿ ಹೇಳಿಬಿಡುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ. ಬಿಡಿಸುವಾಗ ಮನಸ್ಸಿಗೆ ಸಿಗುವುದು ಒಂದು. ಇನ್ನೊಬ್ಬರಿಗೆ ತೋರಿಸಿದಾಗ ಸಿಗುವುದು ಬೇರೆಯೇ. ಎರಡೂ ಒಳ್ಳೆಯದೇ, ಆದರೆ ಎರಡನೆಯದಕ್ಕೆ ಅವಸರ ಮಾಡಿದರೆ ಮೊದಲನೆಯದೂ ಕೈತಪ್ಪಿ ಹೋಗುತ್ತದೆ.

ನಾನು ಕಲಾವಿದೆ ಅಲ್ಲ. ಆತಂಕದ ತೊಂದರೆ ಇದೆ, ಅದಕ್ಕೆ ವೈದ್ಯರಿದ್ದಾರೆ, ಮಾತ್ರೆ ಇದೆ. ಪೆನ್ಸಿಲ್ಲು ಅವುಗಳ ಜೊತೆಗೆ ಬಂದು ಸೇರಿಕೊಂಡದ್ದು.

ನನಗೆ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬರುವುದು ನೋಡಲು ಎಲ್ಲಕ್ಕಿಂತ ಕೆಟ್ಟದಾಗಿರುವ ಚಿತ್ರ. ಎಡಗೈಯನ್ನು ಮೇಜಿನ ಮೇಲೆ ಸುಮ್ನೆ ಇಟ್ಟುಕೊಳ್ಳಬೇಕು. ಬಲಗೈಯಲ್ಲಿ ಪೆನ್ಸಿಲ್. ಕಣ್ಣು ಎಡಗೈ ಮೇಲೆಯೇ ಇರಬೇಕು, ಹಾಳೆ ಕಡೆ ತಿರುಗಲೇಬಾರದು. ಹೆಬ್ಬೆರಳಿನ ಉಗುರಿನ ಅಂಚಿನಿಂದ ಶುರು ಮಾಡುತ್ತೇನೆ. ಕಣ್ಣು ಎಷ್ಟು ನಿಧಾನ ಸರಿಯುತ್ತದೋ ಪೆನ್ಸಿಲ್ಲೂ ಅಷ್ಟೇ ನಿಧಾನ. ಉಗುರಿನ ಪಕ್ಕ ಚರ್ಮ ಸ್ವಲ್ಪ ಎದ್ದಿದೆ, ಅಲ್ಲಿ ಗೆರೆ ಸಣ್ಣಗೆ ಕೊಂಕುತ್ತದೆ. ಗೆಣ್ಣಿನ ಹತ್ತಿರ ಸುಕ್ಕುಗಳು, ಅಂಚಿನಿಂದ ಒಳಗೆ ಹೋಗಿ ಅರ್ಧದಲ್ಲೇ ಮಾಯವಾಗುತ್ತವೆ, ಅವುಗಳ ಹಿಂದೆ ಹೋಗಿ ಮತ್ತೆ ಅಂಚಿಗೆ ವಾಪಸ್ ಬರಬೇಕು. ಎಲ್ಲಾ ಮುಗಿದ ಮೇಲೆ ಹಾಳೆ ನೋಡಿದರೆ ಹೆಬ್ಬೆರಳು ಒಂದು ಮೂಲೆಯಲ್ಲಿ, ಅದರ ಉಗುರು ಇನ್ನೊಂದು ಮೂಲೆಯಲ್ಲಿ, ಕಿರುಬೆರಳಿಗೆ ಜಾಗ ಸಾಲದೆ ಅದು ಹಾಳೆ ದಾಟಿ ಮೇಜಿನ ಮೇಲೆ ಹೋಗಿಬಿಟ್ಟಿದೆ. ನಗು ಬರುತ್ತದೆ. ಆದರೆ ಅಷ್ಟು ಹೊತ್ತು, ನಾಳೆ ಏನಾಗುತ್ತೋ ಅನ್ನುವ ಲೆಕ್ಕಾಚಾರ ನಿಂತಿತ್ತು. ಬೆರಳಿನ ಸುಕ್ಕಿನ ಹಿಂದೆ ಹೊರಟವಳಿಗೆ ನಾಳೆಯ ಹಿಂದೆ ಹೋಗಲು ಪುರುಸೊತ್ತು ಎಲ್ಲಿ?

ಕಣ್ಣೆದುರು ಇರುವುದನ್ನು ಬಿಡಿಸಿ ಹೊತ್ತು ಕಳೆಯುವ ಈ ಉಪಾಯ ಹಳೆಯದು. ಏಡ್ರಿಯನ್ ಹಿಲ್ ಅಂತ ಬ್ರಿಟನ್ನಿನ ಚಿತ್ರಕಾರರೊಬ್ಬರಿದ್ದರು. ಅವರಿಗೆ ಕ್ಷಯ ಬಂತು. ಆ ಕಾಲಕ್ಕೆ ಕ್ಷಯಕ್ಕೆ ಈಗಿನ ಔಷಧಿಗಳು ಇರಲಿಲ್ಲ, ತಿಂಗಳುಗಟ್ಟಲೆ ಸ್ಯಾನಟೋರಿಯಂನಲ್ಲಿ ಮಲಗಿರುವುದೇ ದೊಡ್ಡ ಚಿಕಿತ್ಸೆ. ಹಿಲ್ ಮಲಗಿದಲ್ಲಿಂದಲೇ ಸುತ್ತ ಕಾಣುವ ವಸ್ತುಗಳನ್ನು ಬಿಡಿಸತೊಡಗಿದರು. ಆಮೇಲೆ ಅಲ್ಲಿನ ಬೇರೆ ರೋಗಿಗಳಿಗೂ, ಯುದ್ಧದಲ್ಲಿ ಗಾಯಗೊಂಡು ಬಂದ ಸೈನಿಕರಿಗೂ ಕಲಿಸಿದರು. ‘ಆರ್ಟ್ ಥೆರಪಿ’, ಅಂದರೆ ಕಲೆಯ ಮೂಲಕ ಚಿಕಿತ್ಸೆ, ಅನ್ನುವ ಹೆಸರನ್ನು 1942ರಲ್ಲಿ ಬಳಕೆಗೆ ತಂದದ್ದು ಅವರೇ. ಅದರ ಸುತ್ತ ದೊಡ್ಡ ದೊಡ್ಡ ಸಿದ್ಧಾಂತಗಳೆಲ್ಲ ಆಮೇಲೆ ಬಂದವು. ಶುರುವಾದದ್ದು ಮಾತ್ರ ಮಲಗಿ ಮಲಗಿ ಬೇಜಾರಾದ ಒಬ್ಬ ಮನುಷ್ಯನಿಂದ. ಇದು ನನಗೆ ತುಂಬಾ ಹಿಡಿಸುತ್ತದೆ.

ನನಗೆ ಚಿತ್ರ ಬರಲ್ಲ, ನನಗೇನು ಉಪಯೋಗ ಅಂತ ಕೇಳುವವರಿಗೆ 2016ರ ಒಂದು ಅಧ್ಯಯನ ನೆನಪಿಸುತ್ತೇನೆ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಗಿರಿಜಾ ಕೈಮಲ್ ಮತ್ತು ಜೊತೆಯವರು 39 ಜನರಿಗೆ ಮಾರ್ಕರ್, ಜೇಡಿಮಣ್ಣು, ಕೊಲಾಜ್ ಸಾಮಾನು ಕೊಟ್ಟು 45 ನಿಮಿಷ ಏನು ಬೇಕಾದರೂ ಮಾಡಿ ಅಂದರು. ಮೊದಲೂ ಕೊನೆಗೂ ಅವರ ಎಂಜಲು ತೆಗೆದು ಕಾರ್ಟಿಸೋಲ್ ಅಳೆದರು. ಒತ್ತಡವಾದಾಗ ಮೈಯಲ್ಲಿ ಏರುವ ಹಾರ್ಮೋನು ಅದು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅದು ಇಳಿದಿತ್ತು. ಮೊದಲೇ ಚಿತ್ರಕಲೆ ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ವ್ಯತ್ಯಾಸ ಕಾಣಲಿಲ್ಲ. ಇದನ್ನೇ ಹಿಡಿದುಕೊಂಡು ಕುಣಿಯುವ ಹಾಗೂ ಇಲ್ಲ. ಜನ ಕಡಿಮೆ, ಮುಕ್ಕಾಲು ಗಂಟೆ ಸುಮ್ನೆ ಕೂತಿದ್ದರೆ ಏನಾಗುತ್ತಿತ್ತು ಅಂತ ಹೋಲಿಸಿ ನೋಡಲು ಇನ್ನೊಂದು ಗುಂಪೂ ಇರಲಿಲ್ಲ. ಮತ್ತೆ ಉಳಿದ ಕಾಲು ಪಾಲು ಜನರನ್ನು ನಾನು ಮರೆಯುವುದಿಲ್ಲ. ಅವರಿಗೆ ಇಳಿಯಲಿಲ್ಲ. ಚಿತ್ರ ಬಿಡಿಸಿಯೂ ಹಗುರಾಗದವರು ಇರುತ್ತಾರೆ, ಅದರಲ್ಲಿ ಅವರ ತಪ್ಪೇನಿಲ್ಲ.

ಇನ್ನು ಏನು ಬಿಡಿಸಬೇಕು ಅನ್ನುವ ಪ್ರಶ್ನೆ. ದುಃಖ ಆದರೆ ದುಃಖವನ್ನೇ ಬಿಡಿಸಬೇಕು, ಒಳಗಿದ್ದದ್ದನ್ನೆಲ್ಲ ಹಾಳೆಗೆ ಸುರಿಯಬೇಕು, ಆಗ ಖಾಲಿಯಾಗುತ್ತೆ ಅಂತ ಬಹಳ ಜನ ನಂಬಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಜೆನಿಫರ್ ಡ್ರೇಕ್ ಮತ್ತು ಎಲೆನ್ ವಿನ್ನರ್ ಅನ್ನುವ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷೆ ಮಾಡಿ ನೋಡಿದರು. ಮೊದಲು ಜನರ ಮನಸ್ಸಿಗೆ ಬೇಸರ ತರಿಸಿ, ಕೆಲವರಿಗೆ ಆ ಬೇಸರವನ್ನೇ ಬಿಡಿಸಿ ಅಂದರು, ಕೆಲವರಿಗೆ ಅದಕ್ಕೆ ಸಂಬಂಧವೇ ಇಲ್ಲದ್ದನ್ನು ಬಿಡಿಸಲು ಹೇಳಿದರು. ಬೇರೆ ಏನನ್ನೋ ಬಿಡಿಸಿದವರ ಮನಸ್ಸೇ ಜಾಸ್ತಿ ಸುಧಾರಿಸಿತ್ತು. ನನ್ನ ಹೆಬ್ಬೆರಳಿನ ಸುಕ್ಕು ಯಾಕೆ ಕೆಲಸ ಮಾಡುತ್ತದೆ ಅಂತ ಇದನ್ನು ಓದಿದ ಮೇಲೆ ಅರ್ಥವಾಯಿತು. ಖಾಲಿ ಹಾಳೆ ಕಂಡರೇ ಎದೆ ಹೊಡೆದುಕೊಳ್ಳುವವರಿಗೂ ದಾರಿ ಇದೆ. ಗುಂಡಗಿನ ಮಂಡಲದ ವಿನ್ಯಾಸಕ್ಕೆ ಬಣ್ಣ ತುಂಬುವುದು, ಖಾಲಿ ಹಾಳೆ ಕೊಟ್ಟು ಏನಾದರೂ ಬಣ್ಣ ಹಾಕು ಅನ್ನುವುದಕ್ಕಿಂತ ಆತಂಕವನ್ನು ಚೆನ್ನಾಗಿ ಇಳಿಸುತ್ತದೆ ಅಂತ 2005ರ ಒಂದು ಅಧ್ಯಯನದಲ್ಲಿ ಕಂಡಿತ್ತು. ಬಣ್ಣ ತುಂಬುವ ಪುಸ್ತಕ ಕಂಡು ಮೂಗು ಮುರಿಯುವವರು ಇದನ್ನು ಸ್ವಲ್ಪ ಗಮನಿಸಬೇಕು.

ಹಾಗಂತ ನೋವನ್ನು ಮುಟ್ಟಲೇಬಾರದು ಅಂತ ಅಲ್ಲ. ಬರವಣಿಗೆಯ ವಿಷಯದಲ್ಲಿ ಕಥೆ ಬೇರೆ. ಜೇಮ್ಸ್ ಪೆನ್ನೆಬೇಕರ್ ಅನ್ನುವ ಮನಶ್ಶಾಸ್ತ್ರಜ್ಞರು 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮಗಾದ ಆಘಾತದ ಬಗ್ಗೆ ಬರೆದರು. ಆಗಿದ್ದನ್ನೂ ಅದರಿಂದ ಅನಿಸಿದ್ದನ್ನೂ ಎರಡನ್ನೂ ಬರೆದವರಿಗೆ ಬರೆದ ತಕ್ಷಣ ಮನಸ್ಸು ಇನ್ನೂ ಭಾರವಾಯಿತು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಡಾಕ್ಟರ ಹತ್ತಿರ ಹೋಗಿದ್ದು ಕಡಿಮೆ. ಅಂದರೆ ಇವತ್ತಿನ ರಾತ್ರಿ ಕಳೆಯಬೇಕಾದರೆ ಒಂದು ದಾರಿ, ಹಳೆಯದೇನೋ ಕಾಡುತ್ತಿದ್ದರೆ ಇನ್ನೊಂದು. ಅರ್ಧರಾತ್ರಿ ಒಬ್ಬಳೇ ಕೂತಿದ್ದಾಗ ನಾನಂತೂ ಎರಡನೆಯದಕ್ಕೆ ಕೈ ಹಾಕುವುದಿಲ್ಲ. ಅದು ಹಗಲಿನ ಕೆಲಸ, ಮರುದಿನ ಯಾರಾದರೂ ಮಾತಿಗೆ ಸಿಗುವ ಹಾಗಿದ್ದರೆ ಮಾತ್ರ.

ಈಗ ತೋರಿಸುವ ವಿಷಯಕ್ಕೆ ಬರೋಣ, ಜಾಸ್ತಿ ಹೇಳಬೇಕಾಗಿರುವುದು ಅದರ ಬಗ್ಗೆಯೇ.

1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನುವ ಮೂವರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಶಿಶುವಿಹಾರದ ಮಕ್ಕಳು, ಎಲ್ಲರೂ ಬಣ್ಣದ ಪೆನ್ನಿನಲ್ಲಿ ಗೀಚುವುದೆಂದರೆ ಪ್ರಾಣ ಅನ್ನುವವರು. ಕೆಲವರಿಗೆ ಮೊದಲೇ ಹೇಳಿದರು, ಚಿತ್ರ ಬಿಡಿಸಿದರೆ ಬಹುಮಾನ ಕೊಡ್ತೀವಿ ಅಂತ. ಬಹುಮಾನ ಅಂದರೆ ಚಿನ್ನದ ಬಣ್ಣದ ನಕ್ಷತ್ರ, ಕೆಂಪು ರಿಬ್ಬನ್ ಅಂಟಿಸಿದ ಒಂದು ಪ್ರಮಾಣಪತ್ರ. ಇನ್ನು ಕೆಲವರಿಗೆ ಹೇಳದೇ ಕೊನೆಗೆ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ತರಗತಿಯಲ್ಲಿ ಪೆನ್ನುಗಳನ್ನು ಸುಮ್ನೆ ಇಟ್ಟು ನೋಡಿದರೆ, ಬಹುಮಾನಕ್ಕಾಗಿ ಬಿಡಿಸಿದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಅದರ ಹತ್ತಿರ ಹೋದರು. ಬಹುಮಾನದ ಆಸೆಗೆ ಬಿಡಿಸಿದ ಚಿತ್ರಗಳ ಗುಣಮಟ್ಟವೂ ಇಳಿದಿತ್ತು. ಆದರೆ ಹೇಳದೇ ಕೇಳದೇ ಬಹುಮಾನ ಸಿಕ್ಕ ಮಕ್ಕಳ ಆಸೆಗೆ ಏನೂ ಆಗಿರಲಿಲ್ಲ, ಅವರು ಮೊದಲಿನ ಹಾಗೇ ಗೀಚುತ್ತಿದ್ದರು.

ಫೋನಿನಲ್ಲಿ ಲೈಕ್ ಎಣಿಸುವಾಗಲೆಲ್ಲ ಈ ಮಕ್ಕಳೇ ನೆನಪಾಗುತ್ತಾರೆ. ಮೆಚ್ಚುಗೆ ಬಂದರೆ ಕೆಟ್ಟದ್ದಲ್ಲ. ಬಿಡಿಸುವ ಮೊದಲೇ ಅದರ ಲೆಕ್ಕ ತಲೆಯಲ್ಲಿ ಕೂತಿದ್ದರೆ ಕಷ್ಟ. ಆಗ ಹೆಬ್ಬೆರಳು ಒಂದು ಮೂಲೆಗೆ ಹೋದ ಚಿತ್ರಕ್ಕೆ ಜಾಗವೇ ಇರುವುದಿಲ್ಲ. ಚೆನ್ನಾಗಿ ಕಾಣುವುದನ್ನೇ ಬಿಡಿಸಬೇಕು, ಕೆಟ್ಟರೆ ಅಳಿಸಬೇಕು, ಹಾಳೆಯ ಪಕ್ಕ ಒಂದು ಗಿಡ ಇಟ್ಟು ಫೋಟೋ ತೆಗೆಯಬೇಕು. ಆತಂಕ ಇಳಿಸಲು ಕೂತವರಿಗೆ ಇನ್ನೊಂದು ಆಫೀಸು ಶುರುವಾಯಿತು, ಅಷ್ಟೇ. ಅದಕ್ಕೇ ನಾನು ಬಿಡಿಸಿದ್ದನ್ನು ಅದೇ ದಿನ ಯಾರಿಗೂ ತೋರಿಸುವುದಿಲ್ಲ. ಕೆಲವು ದಿನ ಕಳೆದ ಮೇಲೆ ತೆಗೆದು ನೋಡುತ್ತೇನೆ. ಇದನ್ನು ನೋಡಿ ಯಾರಾದರೂ ಏನೂ ಅನ್ನದಿದ್ದರೆ ನನಗೆ ಬೇಜಾರಾಗುತ್ತಾ ಅಂತ ಕೇಳಿಕೊಳ್ಳುತ್ತೇನೆ. ಆಗುತ್ತೆ ಅನ್ನಿಸಿದರೆ ಅದು ವಾಪಸ್ ಡ್ರಾಯರಿಗೆ.

ಹಾಗಾದರೆ ತೋರಿಸುವುದೇ ಯಾಕೆ? ಒಂಟಿತನಕ್ಕೆ. ಬಿಡಿಸುವುದರಿಂದ ತಲೆಯೊಳಗಿನ ಗದ್ದಲ ಇಳಿಯುತ್ತದೆ, ಆದರೆ ಒಬ್ಬಳೇ ಇದ್ದೇನೆ ಅನ್ನುವುದು ಹಾಗೇ ಇರುತ್ತದೆ. ಅದು ಹೋಗಬೇಕಾದರೆ ಇನ್ನೊಂದು ಜೊತೆ ಕಣ್ಣು ಬೇಕು. ನೂರಾರು ಕಣ್ಣು ಬೇಕಾಗಿಲ್ಲ. ನಾನು ತೋರಿಸುವುದು ಮುಖ್ಯವಾಗಿ ಒಬ್ಬ ಗೆಳತಿಗೆ. ಮೊದಲ ಸಲ ಕೈಯ ಚಿತ್ರ ಕೊಟ್ಟಾಗ ಅವಳು ಚೆನ್ನಾಗಿದೆ ಅನ್ನಲಿಲ್ಲ. ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, “ಇಲ್ಲಿ ಯಾಕೆ ಇಷ್ಟು ಒತ್ತಿದ್ದೀಯೆ? ಹಾಳೆ ಹರಿಯೋದೊಂದು ಬಾಕಿ ನೋಡೇ” ಅಂದಳು. ನಿಜ, ಮಣಿಕಟ್ಟಿನ ಹತ್ತಿರ ಗೆರೆ ಹಾಳೆಯ ಹಿಂಬದಿಗೂ ಮೂಡಿತ್ತು. ಅದನ್ನು ನಾನು ಗಮನಿಸಿಯೇ ಇರಲಿಲ್ಲ. ಅಲ್ಲಿಂದ ಶುರುವಾದ ಮಾತು ಎಲ್ಲೆಲ್ಲೋ ಹೋಯಿತು, ಆ ವಾರ ಯಾರಿಗೂ ಹೇಳದೇ ಇಟ್ಟುಕೊಂಡಿದ್ದ ಒಂದು ವಿಷಯಕ್ಕೂ ಬಂತು. ‘ಸೂಪರ್’ ಅಂದಿದ್ದರೆ ನಾನು ಥ್ಯಾಂಕ್ಸ್ ಹೇಳಿ ಮನೆಗೆ ಬರುತ್ತಿದ್ದೆ.

ನೋಡುವವರಿಗೂ ಒಂದು ಜವಾಬ್ದಾರಿ ಇದೆ ಅನ್ನುವುದು ಇದಕ್ಕೇ. ಬ್ರಿಟನ್ನಿನಲ್ಲಿ ಎಡ್ವರ್ಡ್ ಆಡಮ್‌ಸನ್ ಅನ್ನುವ ಕಲಾವಿದರು 1946ರಿಂದ ನೆದರ್ನ್ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. ರೋಗಿಗಳಿಗೆ ಬಣ್ಣ, ಹಾಳೆ, ಒಂದು ಸ್ಟ್ಯಾಂಡು, ಒಂದು ಕುರ್ಚಿ. ಅವರು ಪಕ್ಕದಲ್ಲಿ ಇರುತ್ತಿದ್ದರು, ಹೀಗೆ ಬಿಡಿಸು ಅಂತ ಹೇಳುತ್ತಿರಲಿಲ್ಲ, ಬಿಡಿಸಿದ್ದಕ್ಕೆ ಅರ್ಥ ಹಚ್ಚುತ್ತಲೂ ಇರಲಿಲ್ಲ. ನಮ್ಮಲ್ಲಿ ಈ ಅರ್ಥ ಹಚ್ಚುವ ಚಟ ಬಹಳ. ಕಪ್ಪು ಜಾಸ್ತಿ ಹಾಕಿದರೆ ಖಿನ್ನತೆ, ಬಾಗಿಲಿಲ್ಲದ ಮನೆ ಬಿಡಿಸಿದರೆ ಇನ್ನೇನೋ. ಕಪ್ಪು ಪೆನ್ನೊಂದೇ ಕೈಗೆ ಸಿಕ್ಕಿರಬಹುದು, ಅಲ್ವಾ? ಯಾರಾದರೂ ಚಿತ್ರ ತಂದು ತೋರಿಸಿದರೆ ಕಂಡದ್ದನ್ನು ಹೇಳಿ, ಇಲ್ಲಾ ಏನಾದರೂ ಕೇಳಿ. ಇದು ಮೊದಲು ಬಂದಿದ್ದಾ ಅದು ಮೊದಲಾ, ಈ ಮೂಲೆ ಯಾಕೆ ಖಾಲಿ ಬಿಟ್ಟೆ, ಅಂತ. ತಿದ್ದುವುದಕ್ಕೆ ಹೋಗಬೇಡಿ. ಫೋಟೋ ತೆಗೆದು ಬೇರೆಯವರಿಗೆ ಕಳಿಸಲೇಬೇಡಿ, ಎಷ್ಟೇ ಚೆನ್ನಾಗಿದ್ದರೂ, ಅವರನ್ನು ಕೇಳದೆ. ಹಾಂ, ಸಾಯುವ ಮಾತು ಚಿತ್ರದಲ್ಲೋ ಅದರ ಕೆಳಗಿನ ಬರಹದಲ್ಲೋ ನೇರವಾಗಿ ಇದ್ದರೆ ಮಾತ್ರ ಸುಮ್ಮನಿರಬಾರದು. ಆ ಯೋಚನೆ ಬರ್ತಿದೆಯಾ ಅಂತ ಬಿಚ್ಚಿ ಕೇಳಿ, ಜೊತೆಗೇ ಇದ್ದು ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಇನ್ನೊಂದು ಕಥೆ ನನಗೆ ಸಿಟ್ಟು ತರಿಸುತ್ತದೆ, ನೋವಿದ್ದರೇ ಒಳ್ಳೆ ಕಲೆ ಅನ್ನುವುದು. ಇದಕ್ಕೆ ಯಾವಾಗಲೂ ಚಿತ್ರಕಾರ ವ್ಯಾನ್ ಗೋನನ್ನು ಎಳೆದು ತರುತ್ತಾರೆ. ಅವನು 1889ರ ಮೇ ತಿಂಗಳಿಂದ ಒಂದು ವರ್ಷ ಫ್ರಾನ್ಸಿನ ಸೇಂಟ್ ರೆಮಿಯ ಮಾನಸಿಕ ಆಸ್ಪತ್ರೆಯಲ್ಲಿದ್ದ, ಸುಮಾರು 150 ಚಿತ್ರ ಮಾಡಿದ, ನಿಜ. ಆದರೆ ಕಾಯಿಲೆ ಕೆರಳಿದಾಗ ವಾರಗಟ್ಟಲೆ ಬ್ರಶ್ ಮುಟ್ಟಲು ಆಗುತ್ತಿರಲಿಲ್ಲ. ಬಣ್ಣವನ್ನೇ ನುಂಗಲು ಹೋದದ್ದರಿಂದ ಕೆಲವು ಕಾಲ ಬಣ್ಣಗಳನ್ನು ಅವನ ಕೈಗೆ ಕೊಡುತ್ತಿರಲಿಲ್ಲ. ಚಿತ್ರಗಳು ಬಂದದ್ದು ನಡುವೆ ಸುಧಾರಿಸಿಕೊಂಡ ದಿನಗಳಲ್ಲಿ. ಚೇತರಿಸಿಕೊಳ್ಳಲು ತನಗೆ ಕೆಲಸ ಬೇಕೇ ಬೇಕು ಅಂತ ತಮ್ಮ ತಿಯೋಗೆ ಬರೆದಿದ್ದ ಕೂಡ. ಜಪಾನಿನ ಕಲಾವಿದೆ ಯಾಯೋಯಿ ಕುಸಾಮಾ 1977ರಲ್ಲಿ ತಾವಾಗಿಯೇ ಟೋಕಿಯೋದ ಮಾನಸಿಕ ಆಸ್ಪತ್ರೆಯೊಂದನ್ನು ಸೇರಿ ಅಲ್ಲೇ ನೆಲೆಸಿದರು. ಹತ್ತಿರದಲ್ಲೇ ಸ್ಟುಡಿಯೋ ಮಾಡಿಕೊಂಡು, ಹಗಲು ಅಲ್ಲಿ ಕೆಲಸ, ರಾತ್ರಿ ಆಸ್ಪತ್ರೆ. ಚಿಕಿತ್ಸೆ ತೆಗೆದುಕೊಂಡರೆ ಕಲೆ ಹೋಗಿಬಿಡುತ್ತೆ ಅಂತ ಮಾತ್ರೆ ನಿಲ್ಲಿಸುವವರಿಗೆ ನಾನು ಈ ಅಜ್ಜಿಯನ್ನು ತೋರಿಸುತ್ತೇನೆ.

ಒಬ್ಬರೇ ಬಿಡಿಸಲು ಮನಸ್ಸಿಲ್ಲ, ಬಿಡಿಸಿದ್ದನ್ನು ತೋರಿಸಲು ಧೈರ್ಯ ಇಲ್ಲ ಅನ್ನುವವರಿಗೆ ಒಂದು ಆಟ ಇದೆ. ಮಕ್ಕಳ ವೈದ್ಯರಾಗಿದ್ದ, ಮನೋವಿಶ್ಲೇಷಕರೂ ಆಗಿದ್ದ ಡೊನಾಲ್ಡ್ ವಿನಿಕಾಟ್ ತಮ್ಮ ಹತ್ತಿರ ಬರುತ್ತಿದ್ದ ಮಕ್ಕಳ ಜೊತೆ ಆಡುತ್ತಿದ್ದದ್ದು. ಒಬ್ಬರು ಕಣ್ಣು ಮುಚ್ಚಿ ಒಂದು ಗೆರೆ ಗೀಚಬೇಕು, ಇನ್ನೊಬ್ಬರು ಅದನ್ನು ಏನಾದರೂ ಮಾಡಬೇಕು. ಆಮೇಲೆ ಅದಲುಬದಲು. ಇದರಲ್ಲಿ ಚೆನ್ನಾಗಿ ಬರಬೇಕು ಅನ್ನುವ ಪ್ರಶ್ನೆಯೇ ಇಲ್ಲ, ಅರ್ಧ ಕೆಲಸ ಇನ್ನೊಬ್ಬರದ್ದು. ಬಿಡಿಸುವುದೂ ತೋರಿಸುವುದೂ ಒಟ್ಟೊಟ್ಟಿಗೇ ಆದರೂ ಕೆಡದೇ ಇರುವುದನ್ನು ನಾನು ಕಂಡಿದ್ದು ಇದೊಂದರಲ್ಲೇ. ನಾನು, ನನ್ನ ಗೆಳತಿ ಮಾತಾಡಲು ಸುಸ್ತಾದ ದಿನಗಳಲ್ಲಿ ಇದನ್ನು ಫೋನಿನಲ್ಲೇ ಆಡುತ್ತೇವೆ. ಅವಳು ಈಚೆಗೆ ಬೇಕಂತಲೇ ಏನೂ ಮಾಡಲು ಬರದಂಥ ಗೆರೆಗಳನ್ನು ಕಳಿಸುತ್ತಿದ್ದಾಳೆ. ಮೊನ್ನೆ ಬಂದದ್ದು ಒಂದೇ ಒಂದು ಚುಕ್ಕೆ. ಇದು ಗೆರೆಯೇ ಅಲ್ಲ ಅಂತ ಬರೆದರೆ, “ಬಹಳ ಗಿಡ್ಡ ಗೆರೆ ಕಣೇ” ಅಂತ ಉತ್ತರ.