ಲೆಕ್ಕದ ಮೇಜಿನಲ್ಲಿ ಒಂದು ಮಧ್ಯಾಹ್ನ

14 ಮಾರ್ಚ್ 2024, ಗುರುವಾರ

ತುರ್ತು ನಿರ್ವಹಣೆ ಮತ್ತು ಆಡಳಿತ ತರಗತಿಯಲ್ಲಿ ಇವತ್ತು ಟೇಬಲ್‌ಟಾಪ್ ಅಭ್ಯಾಸ, ಅಂದರೆ ಮೇಜಿನ ಸುತ್ತ ಕೂತೇ ಕಲ್ಪಿತ ವಿಪತ್ತೊಂದನ್ನು ನಿಭಾಯಿಸುವ ತಾಲೀಮು. ಸೈರನ್ ಇಲ್ಲ, ಹಗ್ಗ ಇಲ್ಲ, ಸ್ಟ್ರೆಚರ್ ಇಲ್ಲ. ಒಂದು ನಕ್ಷೆ, ಸುತ್ತ ಕುರ್ಚಿಗಳು, ಆಗಾಗ ಮೇಡಂ ಕೊಡುವ ಚೀಟಿಗಳು. ನದಿ ಉಕ್ಕಿದೆ. ಆಸ್ಪತ್ರೆಯ ನೆಲಮಾಳಿಗೆಗೆ ನೀರು ನುಗ್ಗಿದೆ. ಸೇತುವೆ ಮೇಲೆ ಸಂಚಾರ ನಿಂತಿದೆ. ಒಂದಕ್ಕೆ ಉತ್ತರ ಹುಡುಕುವಷ್ಟರಲ್ಲಿ ಇನ್ನೊಂದು ಬರುತ್ತದೆ.

ನಮ್ಮನ್ನು ವಿಭಾಗಗಳಾಗಿ ಹಂಚಿದಾಗ ಎಲ್ಲರಿಗೂ ಬೇಕಿದ್ದದ್ದು ಕಾರ್ಯಾಚರಣೆ ವಿಭಾಗ. ನನ್ನ ಪಾಲಿಗೆ ಬಂದದ್ದು ಹಣಕಾಸು ಮತ್ತು ಆಡಳಿತ. ಸಂಜೆ ಮನೆಗೆ ಹೊರಡುವಾಗ ಆ ಮೇಜು ಸಿಕ್ಕಿದ್ದೇ ಒಳ್ಳೆಯದಾಯಿತು ಅನ್ನಿಸಿತು.

ಈ ವಿಭಾಗಗಳ ಏರ್ಪಾಡು ಹುಟ್ಟಿದ್ದೇ ಒಂದು ದೊಡ್ಡ ಗೊಂದಲದಿಂದ. 1970ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 13 ದಿನ ಕಾಡ್ಗಿಚ್ಚು ಉರಿಯಿತು. 16 ಜನ ಸತ್ತರು, ಸುಮಾರು 700 ಕಟ್ಟಡಗಳು ಸುಟ್ಟುಹೋದವು. ಬೆಂಕಿ ಆರಿಸಲು ಬಂದ ಇಲಾಖೆಗಳಿಗೆ ಶೌರ್ಯದ ಕೊರತೆ ಇರಲಿಲ್ಲ. ಆದರೆ ಒಬ್ಬರ ರೇಡಿಯೊ ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ, ಒಂದೇ ಉಪಕರಣಕ್ಕೆ ಬೇರೆ ಬೇರೆ ಹೆಸರು, ಕೊನೆಯ ಮಾತು ಯಾರದು ಎಂಬುದೂ ಸ್ಪಷ್ಟವಿರಲಿಲ್ಲ. ಆ ಪಾಠದಿಂದ ಬಂದದ್ದೇ ಘಟನಾ ನಿಯಂತ್ರಣ ವ್ಯವಸ್ಥೆ: ಒಬ್ಬ ಕಮಾಂಡರ್, ಅವರ ಕೆಳಗೆ ಕಾರ್ಯಾಚರಣೆ, ಯೋಜನೆ, ಸರಬರಾಜು, ಹಣಕಾಸು ಮತ್ತು ಆಡಳಿತ. ಒಬ್ಬರ ಕೈಕೆಳಗೆ ಮೂವರಿಂದ ಏಳು ಜನ, ಐವರಾದರೆ ಉತ್ತಮ.

ನನ್ನ ಮೇಜಿಗೆ ಮೊದಲು ಬಂದದ್ದು ದೋಣಿಯ ಚೀಟಿ. ಖಾಸಗಿಯವರ ದೋಣಿಗಳು ಆಗಲೇ ನೀರಿಗಿಳಿದಿವೆ. ಕರೆಸಿದ್ದು ಯಾರು, ಬಾಡಿಗೆ ಎಷ್ಟು, ಎಷ್ಟು ಗಂಟೆಗೆ ಶುರು, ಡೀಸೆಲ್ ಯಾರ ಖರ್ಚು? ಕೇಳಿದಾಗ ಕಾರ್ಯಾಚರಣೆಯ ಗೆಳೆಯನಿಗೆ ಸಿಟ್ಟೇ ಬಂತು: ‘ಜನ ಮುಳುಗ್ತಿದ್ದಾರೆ, ನೀನು ರಸೀದಿ ಕೇಳ್ತೀಯ?’ ಕೇಳಲೇಬೇಕು. ಈ ಸಲ ಹಣ ಸಿಗದ ದೋಣಿಯವನು ಮುಂದಿನ ನೆರೆಗೆ ಬರುವುದಿಲ್ಲ. ಪರಿಹಾರದ ಹಣ ಕೊಡುವ ಸರ್ಕಾರವೂ ದಾಖಲೆ ನೋಡಿಯೇ ಕೊಡುತ್ತದೆ.

ಕೆಲಸದ ವೇಳೆಯ ಪುಸ್ತಕವೂ ನನ್ನ ಬಳಿಯೇ ಇತ್ತು. ಅದನ್ನು ತಿರುವಿದಾಗ ಒಂದು ತಂಡ ಬೆಳಗಿನಿಂದ ವಿರಾಮವಿಲ್ಲದೆ ನೀರಿನಲ್ಲಿರುವುದು ಕಂಡಿತು. ನಕ್ಷೆ ನೋಡುತ್ತಿದ್ದವರ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ. ದಣಿದ ರಕ್ಷಕ ತಾನೇ ಇನ್ನೊಬ್ಬ ಸಂತ್ರಸ್ತನಾಗಬಹುದು. ಕೂಡಲೇ ಬದಲಿ ತಂಡ ಕಳಿಸಿದೆವು.

ಆಮೇಲೆ ತಾವಾಗಿಯೇ ಬಂದ ಸ್ವಯಂಸೇವಕರ ಪ್ರಶ್ನೆ. ವಿಪತ್ತಿನಲ್ಲಿ ಜನ ದಿಕ್ಕೆಟ್ಟು ಓಡುತ್ತಾರೆ ಎಂಬ ನಂಬಿಕೆ ಗಟ್ಟಿಯಾಗಿದೆ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1963ರಲ್ಲಿ ಶುರುವಾದ ವಿಪತ್ತು ಸಂಶೋಧನಾ ಕೇಂದ್ರದವರು ಕಂಡದ್ದು ಬಹುತೇಕ ಇದಕ್ಕೆ ವಿರುದ್ಧ: ಮೊದಲು ನೆರವಿಗೆ ಬರುವವರು ಅಕ್ಕಪಕ್ಕದವರೇ. ಹಾಗೆ ಬಂದವನೊಬ್ಬ ಕಾಲು ಮುರಿದುಕೊಂಡರೆ? ಅವನ ಹೆಸರು, ಬಂದ ಹೊತ್ತು, ಒಪ್ಪಿಸಿದ ಕೆಲಸ ಬರೆದಿದ್ದರೆ ಚಿಕಿತ್ಸೆಯ ಖರ್ಚಿಗೆ ಒಂದು ದಾರಿ ಇರುತ್ತದೆ. ಇಲ್ಲದಿದ್ದರೆ ಆತ ಅಲ್ಲಿದ್ದ ಎಂಬುದಕ್ಕೂ ಪುರಾವೆಯಿಲ್ಲ.

ಕೊನೆಗೆ ವಿಮರ್ಶೆಯ ವರದಿ. ‘ಸಮನ್ವಯ ಹೆಚ್ಚಿಸಬೇಕು’ ಎಂಬಂಥ ಸಾಲುಗಳನ್ನೆಲ್ಲ ಮೇಡಂ ಹೊಡೆದುಹಾಕಿದರು. ಯಾರು ಮಾಡಬೇಕು, ಯಾವ ತಾರೀಖಿನೊಳಗೆ, ಅಷ್ಟು ಬರೆಯಿರಿ ಅಂದರು. ದೋಣಿ ಮಾಲೀಕರೊಂದಿಗೆ ಮಳೆಗಾಲಕ್ಕೆ ಮುಂಚೆಯೇ ದರದ ಒಪ್ಪಂದ ಮಾಡಿಕೊಳ್ಳಬೇಕು ಎಂದು ನಾನು ಬರೆದೆ. ಅದರ ಹೊಣೆ ಸರಬರಾಜು ವಿಭಾಗದ್ದೋ ನಮ್ಮದೋ ಎಂಬ ವಾದ ಮುಗಿಯಲಿಲ್ಲ. ನಾಳೆ ಎರಡೂ ವಿಭಾಗದವರು ಕೂತು ಒಪ್ಪಂದದ ಕರಡು ಬರೆಯುತ್ತೇವೆ.